ಒಂದೇ ತಳಿ, ಎರಡು ಹೊಲ

ದೊಡ್ಡಬಳ್ಳಾಪುರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: 'ನಾನೂ ನಮ್ಮ ಭಾವನವರೂ ಒಂದೇ ಅಂಗಡಿಯಿಂದ ಎಂ.ಆರ್. 1 ರಾಗಿ ಬೀಜ ತಂದೆವು. ಅವರು ಪುನರ್ವಸು ಮಳೆಗೆ ಬಿತ್ತಿದರು, ನಾನು ಮಘೆ ಮಳೆಗೆ. ಅವರ ಕಣ ತುಂಬಿತು. ನನಗೆ ಸಿಕ್ಕಿದ್ದು ಹುಲ್ಲು, ಜೊತೆಗೆ ಜೊಳ್ಳು. ಬೀಜದಲ್ಲಿ ಕಲಬೆರಕೆ ಇತ್ತೇ?'

ಉತ್ತರ ಅವರ ಪತ್ರದೊಳಗೇ ಇದೆ. ಎಂ.ಆರ್. 1 ದೀರ್ಘಾವಧಿ ತಳಿ, ಕೊಯ್ಲಿಗೆ 120ರಿಂದ 125 ದಿನ ಬೇಕು. ಜುಲೈ ಎರಡನೇ ವಾರ ಬಿತ್ತಿದರೆ ತೆನೆ ಹೊರಡುವಾಗ, ಕಾಳು ಹಾಲು ತುಂಬುವಾಗ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಆಸರೆ ಸಿಗುತ್ತದೆ. ನಮ್ಮ ಜಿಲ್ಲೆಗೆ ಹೆಚ್ಚಿನ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗಸ್ಟ್ ಮೂರನೇ ವಾರ ಬಿತ್ತಿದ ಅದೇ ಬೀಜ ತೆನೆ ಬಿಡುವ ಹೊತ್ತಿಗೆ ಸ್ವಾತಿಯೂ ಮುಗಿದಿರುತ್ತದೆ, ಕೆಂಪು ಮರಳುಮಣ್ಣಿನ ತೇವ ಆರಿರುತ್ತದೆ. ಸಾಲದ್ದಕ್ಕೆ ಹಗಲು ಮೊಟಕಾದಂತೆಲ್ಲ ಹೂವಿಗೆ ಆತುರಪಡುವ ಗುಣ ರಾಗಿಗಿದೆ. ತಡವಾಗಿ ಬಿತ್ತಿದ ಪೈರು ಸರಿಯಾಗಿ ತೆಂಡೆ ಒಡೆಯುವ ಮೊದಲೇ ತೆನೆಗೆ ಬಂದುಬಿಡುತ್ತದೆ. ಬೀಜದ ಮೇಲೆ ಅನುಮಾನ ಬೇಡ.

'ಯಾವ ತಳಿ ಒಳ್ಳೆಯದು?' ಎಂಬ ಪ್ರಶ್ನೆ ಅರ್ಧ ಪ್ರಶ್ನೆಯಷ್ಟೇ. ಯಾವಾಗ, ಯಾವ ಮಣ್ಣಿಗೆ ಎಂಬುದು ಸೇರದಿದ್ದರೆ ಅದಕ್ಕೆ ಉತ್ತರವಿಲ್ಲ. ತಳಿವಿಜ್ಞಾನಿಗಳು ಇದರೊಂದಿಗೆ ಬಹುಕಾಲ ಹೆಣಗಿದ್ದಾರೆ. ಹತ್ತು ಊರಿನಲ್ಲಿ ಹತ್ತು ತಳಿ ಬೆಳೆದರೆ ಒಂದೂರಿನಲ್ಲಿ ಗೆದ್ದದ್ದು ಇನ್ನೊಂದೂರಿನಲ್ಲಿ ಸೋಲುತ್ತದೆ. ಆ ಊರು 'ಒಳ್ಳೆಯದು' ಎಂದು ಅಳೆಯುವುದಾದರೂ ಹೇಗೆ? ಮಳೆಯಿಂದಲೋ, ಮಣ್ಣಿನಿಂದಲೋ, ಗೊಬ್ಬರದಿಂದಲೋ? 1938ರಲ್ಲಿ ಯೇಟ್ಸ್ ಮತ್ತು ಕಾಕ್ರನ್ ಒಂದು ದಾರಿ ಸೂಚಿಸಿದ್ದರು. 1963ರಲ್ಲಿ ಆಸ್ಟ್ರೇಲಿಯಾದ ಫಿನ್ಲೆ ಮತ್ತು ವಿಲ್ಕಿನ್ಸನ್ 277 ಬಾರ್ಲಿ ತಳಿಗಳ ಮೇಲೆ ಅದನ್ನು ಪ್ರಯೋಗಿಸಿ ಪ್ರಸಿದ್ಧಿಗೆ ತಂದರು. ಮಳೆಮಾಪಕವನ್ನು ಬದಿಗಿಟ್ಟು, ಅಲ್ಲಿ ಬೆಳೆದ ಎಲ್ಲ ತಳಿಗಳ ಸರಾಸರಿ ಇಳುವರಿಯನ್ನೇ ಆ ಜಾಗದ ಯೋಗ್ಯತೆಯ ಅಳತೆಯಾಗಿ ಹಿಡಿದರು. ಬೆಳೆಯನ್ನೇ ಸಾಕ್ಷಿಗೆ ಕರೆದ ಈ ಸರಳ ಉಪಾಯ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಬಡ ಜಾಗದಿಂದ ಸಿರಿವಂತ ಜಾಗಕ್ಕೆ ಹೋದಂತೆ ಒಂದೊಂದು ತಳಿಯ ಇಳುವರಿ ಎಷ್ಟು ಕಡಿದಾಗಿ ಏರುತ್ತದೆ ಎಂದು ಗೆರೆ ಎಳೆದು ನೋಡಿದರು.

ಕೆಲವು ತಳಿಗಳು ಸೀಮೆಹಸುವಿನಂತೆ. ಹಿಂಡಿ, ಬೂಸಾ, ಹಸಿರು ಮೇವು ಹಾಕಿದರೆ ಕ್ಯಾನು ತುಂಬಿಸುತ್ತವೆ, ಬರಗಾಲದಲ್ಲಿ ಕೆಚ್ಚಲು ಒಣಗುತ್ತದೆ. ಕೆಲವು ನಾಟಿಹಸುವಿನಂತೆ. ಬೋರೆಯಲ್ಲಿ ಮೇಯ್ದು ಬಂದರೂ ಮನೆಗೆ ಬೇಕಾದಷ್ಟು ಹಾಲು ಕೊಡುತ್ತವೆ, ಹೆಚ್ಚು ಮೇವು ಹಾಕಿದರೆ ಹಾಲೇನೂ ಹೆಚ್ಚುವುದಿಲ್ಲ. ಹೊಸಕೋಟೆಯಲ್ಲಿ ಕೊಳವೆಬಾವಿ ಇರುವವರಿಗೆ ಮೊದಲನೆಯದು ಸರಿ, ನೆಲಮಂಗಲದ ದಿಣ್ಣೆ ಹೊಲದವರಿಗೆ ಎರಡನೆಯದು. ಇವೆರಡನ್ನೂ ಒಂದೇ ಪಟ್ಟಿಗೆ ಹಾಕಿ ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಜಾಹೀರಾತು ಕೊಡುವವರ ಮಾತನ್ನು ನಾನಂತೂ ನಂಬುವುದಿಲ್ಲ.

ನಮ್ಮ ರಾಗಿಯ ಕಥೆ ಇನ್ನೂ ರೋಚಕ. ರಾಗಿ ಹೂವು ಬೆಳಗಿನ ಜಾವ, ಕತ್ತಲಿರುವಾಗಲೇ ಅರಳಿ ತನ್ನ ಪರಾಗಕ್ಕೇ ತಾನು ಫಲ ಕಟ್ಟಿಕೊಳ್ಳುತ್ತದೆ. ಅಷ್ಟು ಸಣ್ಣ ಹೂವಿನಿಂದ ಕೇಸರ ಕಿತ್ತು ಬೇರೆ ತಳಿಯ ಪರಾಗ ಸೇರಿಸುವುದು ಕಣ್ಣಿಗೂ ಕೈಗೂ ಕಠಿಣ. ಅದಕ್ಕೇ ಎರಡು ತಳಿಯ ತೆನೆಗಳನ್ನು ಮುಖಾಮುಖಿ ಕಟ್ಟಿ, ಅದರಿಂದ ಬಂದ ಸಸಿಗಳಲ್ಲಿ ತಂದೆ ಗಿಡದ ನೇರಳೆ ಬಣ್ಣ ತೋರಿದವನ್ನಷ್ಟೇ ಆರಿಸುವ ವಿಧಾನ ಬಳಕೆಗೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಬ್ರಹ್ಮ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ 1970ರ ದಶಕದಿಂದ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಎಲ್ಲರ ನಿರೀಕ್ಷೆ ಮೀರಿತು. ಆದರೆ ಮೋಡ, ತುಂತುರು, ತಂಪು ಒಟ್ಟಾದ ವರ್ಷ ಕುತ್ತಿಗೆಗೂ ಇಲುಕಿಗೂ ಬೆಂಕಿ ರೋಗ ತಗಲುತ್ತಿತ್ತು. ಇಂಡಾಫ್ 5 ಮತ್ತು ಇಂಡಾಫ್ 9ರ ವಂಶದಲ್ಲೇ ಜಿಕೆವಿಕೆಯಲ್ಲಿ ರೂಪುಗೊಂಡ ಜಿಪಿಯು 28 ಆ ರೋಗ ತಡೆದುಕೊಂಡಿತು. ಅದು ಮನೆಮನೆಯ ಮಾತಾದದ್ದು ಇಳುವರಿಗಿಂತ ಹೆಚ್ಚಾಗಿ ಈ ಭರವಸೆಗೆ. ಬರ ತಾಳುವ ಎಂ.ಎಲ್. 365ರ ಇಡೀ ಜೀನೋಮನ್ನು 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತವರ ತಂಡ ಓದಿ ಪ್ರಕಟಿಸಿತು.

ಪತ್ರ ಬರೆದ ಓದುಗರಿಗೆ ಹೇಳುವುದಿಷ್ಟು: ಮುಂದಿನ ಸಲ ಜುಲೈನಲ್ಲೇ ಹದ ಸಿಕ್ಕರೆ ಎಂ.ಆರ್. 1 ಅಥವಾ ಎಂ.ಆರ್. 6 ಬಿತ್ತಿ. ಆಗಸ್ಟ್ ಮಧ್ಯದವರೆಗೆ ಜಿಪಿಯು 28, ಎಂ.ಎಲ್. 365 ಆಗುತ್ತವೆ. ಅದೂ ದಾಟಿದರೆ ನೂರು ದಿನದೊಳಗೆ ಬರುವ ಜಿಪಿಯು 48 ಅಥವಾ ಇಂಡಾಫ್ 9 ಹಿಡಿಯಿರಿ. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರವೇ ಇದೆ. ಅಲ್ಲಿಗೆ ಹೋದಾಗ ತಳಿಯ ಹೆಸರು ಕೇಳುವ ಮೊದಲು ನಿಮ್ಮ ಮಣ್ಣಿನ ಆಳ ಎಷ್ಟು, ಬಿತ್ತುವ ದಿನ ಯಾವುದು ಎಂದು ಹೇಳಿ.