ಒಂದೂವರೆ ಗಂಟೆಯ ದಾರಿ

ಮನೆಯಲ್ಲಿ ಮಕ್ಕಳ ಭೂಪಟ ಪುಸ್ತಕವಿದ್ದರೆ ತೆಗೆದು ಕೆನಡಾದ ನೆತ್ತಿಯ ಕಡೆ ಒಮ್ಮೆ ನೋಡಿ. ಹಾಳೆ ಮುಗಿಯುವ ಅಂಚಿನಲ್ಲಿ, ನುನಾವುಟ್ ಎಂಬ ಪ್ರದೇಶದಲ್ಲಿ ಎರಡು ಪುಟ್ಟ ಊರುಗಳಿವೆ. ಕಾರ್ನ್‌ವಾಲಿಸ್ ದ್ವೀಪದಲ್ಲಿ ರೆಸೊಲ್ಯೂಟ್, ಎಲ್ಸ್‌ಮಿಯರ್ ದ್ವೀಪದಲ್ಲಿ ಗ್ರೀಸ್ ಫಿಯೋರ್ಡ್. 2021ರ ಜನಗಣತಿಯಂತೆ ಮೊದಲನೆಯದರಲ್ಲಿ 183 ಜನ, ಎರಡನೆಯದರಲ್ಲಿ 144. ನಮ್ಮಲ್ಲಿ ಒಂದು ಮದುವೆ ಊಟಕ್ಕೇ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ! ಆದರೂ ಎರಡೂ ಕಡೆ ವಿಮಾನ ನಿಲ್ದಾಣಗಳಿವೆ. ಇರಲೇಬೇಕು. ಅಲ್ಲಿಗೆ ರಸ್ತೆ ಇಲ್ಲ. ಸರಕಿನ ಹಡಗು ಬರುವುದು ಬೇಸಿಗೆಯಲ್ಲಿ ಸಮುದ್ರದ ಹಿಮ ಕರಗಿದಾಗ ಮಾತ್ರ.

ಭೂಪಟವನ್ನು ನಂಬಿ ದೂರ ಅಳೆದರೆ ಮೋಸಹೋಗುತ್ತೇವೆ. ಎರಡು ಊರುಗಳ ನಡುವೆ ರೇಖಾಂಶದಲ್ಲಿ 12 ಡಿಗ್ರಿ ಅಂತರ. ಭೂಮಧ್ಯರೇಖೆಯ ಮೇಲಾದರೆ ಅದು 1,300 ಕಿ.ಮೀ.ಗೂ ಹೆಚ್ಚು. ಆದರೆ ರೇಖಾಂಶಗಳು ಕಿತ್ತಳೆಯ ತೊಳೆಗಳ ಹಾಗೆ ಧ್ರುವದ ಕಡೆ ಹೋದಂತೆ ಕಿರಿದಾಗುತ್ತವೆ. 75 ಡಿಗ್ರಿ ಅಕ್ಷಾಂಶದಲ್ಲಿ ಅದೇ 12 ಡಿಗ್ರಿ 350 ಕಿ.ಮೀ.ಗಿಂತ ಕಡಿಮೆ. ಉತ್ತರಕ್ಕೆ ಏರುವ ದಾರಿಯನ್ನೂ ಲೆಕ್ಕಕ್ಕೆ ತಂದರೆ ಆಕಾಶಮಾರ್ಗ ಸುಮಾರು 385 ಕಿ.ಮೀ.

ಜೆಟ್ ವಿಮಾನಕ್ಕೆ ಇದು ಮುಕ್ಕಾಲು ಗಂಟೆಯ ಮಾತು. ಆದರೆ ಗ್ರೀಸ್ ಫಿಯೋರ್ಡಿನ ಓಡುದಾರಿ ಸುಮಾರು 500 ಮೀಟರ್ ಉದ್ದದ ಜಲ್ಲಿನೆಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಅಲ್ಲಿ ಇಳಿಯಬಲ್ಲದ್ದು ಟ್ವಿನ್ ಆಟರ್‌ನಂಥ ಸಣ್ಣ ವಿಮಾನ. ಎರಡು ಪ್ರೊಪೆಲ್ಲರ್, ಹೆಚ್ಚೆಂದರೆ 19 ಆಸನ, ಗಂಟೆಗೆ ಸುಮಾರು 270 ಕಿ.ಮೀ. ವೇಗ. ಹೀಗಾಗಿ ಒಂದೂವರೆ ಗಂಟೆ ಹಿಡಿಯುತ್ತದೆ. 50 ಕಿ.ಮೀ. ವೇಗದ ಎದುರುಗಾಳಿ ಬೀಸಿದರೆ ಒಂದೂಮುಕ್ಕಾಲು. ಕಾಂತಧ್ರುವ ಸಮೀಪವಿರುವುದರಿಂದ ದಿಕ್ಸೂಚಿಯನ್ನು ನಂಬುವಂತಿಲ್ಲ. ಪೈಲಟ್‌ಗಳು ನಿಜವಾದ ಉತ್ತರವನ್ನೇ ಆಧಾರವಾಗಿಟ್ಟು ದಿಕ್ಕು ಹಿಡಿಯುತ್ತಾರೆ. ಮಂಜು ಕವಿದರಂತೂ ಗಡಿಯಾರದ ಲೆಕ್ಕವೇ ಬಿದ್ದುಹೋಗುತ್ತದೆ, ಹವೆ ತಿಳಿಯಾಗುವವರೆಗೆ ಕಾಯಬೇಕು.

ಇಷ್ಟು ದೂರದಲ್ಲಿ ಜನ ಹೇಗೆ ನೆಲೆಸಿದರು? ತಾವಾಗಿ ಬಂದವರಲ್ಲ. 1953ರಲ್ಲಿ ಕೆನಡಾ ಸರಕಾರ ಕ್ವಿಬೆಕ್‌ನ ಇನುಕ್ಜುವಾಕ್ ಎಂಬಲ್ಲಿಂದ ಇನುಯಿಟ್ ಕುಟುಂಬಗಳನ್ನು ಹಡಗು ಹತ್ತಿಸಿ ಸುಮಾರು 2,000 ಕಿ.ಮೀ. ಉತ್ತರಕ್ಕೆ ಕಳುಹಿಸಿತು. ಬೇಟೆ ಧಾರಾಳವಾಗಿ ಸಿಗುತ್ತದೆ, ಇಷ್ಟವಾಗದಿದ್ದರೆ ಎರಡು ವರ್ಷದಲ್ಲಿ ಮರಳಬಹುದು ಎಂದು ಮಾತು ಕೊಟ್ಟಿತ್ತು. ಎಲ್ಲರನ್ನೂ ಒಂದೇ ಕಡೆ ಇಳಿಸುವುದಿಲ್ಲ, ಕೆಲವರನ್ನು ರೆಸೊಲ್ಯೂಟ್‌ನಲ್ಲಿ, ಕೆಲವರನ್ನು ಎಲ್ಸ್‌ಮಿಯರ್‌ನಲ್ಲಿ ಬಿಡಲಾಗುತ್ತದೆ ಎಂಬುದು ಅವರಿಗೆ ತಿಳಿದದ್ದು ಪ್ರಯಾಣದ ನಡುವೆ. ಬಂಧುಗಳು ಅಲ್ಲೇ ಅಗಲಿದರು. ತಿಂಗಳುಗಟ್ಟಲೆ ಸೂರ್ಯ ಕಾಣದ ಚಳಿಗಾಲವನ್ನು ಅವರು ಹಿಂದೆ ಕಂಡವರಲ್ಲ. ಮೊದಲ ಚಳಿಗಾಲ ಕಳೆದದ್ದು ಡೇರೆಗಳಲ್ಲಿ. ಎರಡು ವರ್ಷವಾಯಿತು, ಮರಳಿ ಕರೆದೊಯ್ಯಲು ಯಾರೂ ಬರಲಿಲ್ಲ. ಕೆಲವರು ಸರಕಾರದ ಖರ್ಚಿನಲ್ಲಿ ಹುಟ್ಟೂರಿಗೆ ಹೋದದ್ದು 1989ರಲ್ಲಿ. ಸರಕಾರ ಕ್ಷಮೆ ಕೇಳಿದ್ದು 2010ರ ಆಗಸ್ಟ್ 18ರಂದು.

ಅದೇ ವರ್ಷ ಎರಡೂ ಊರುಗಳಲ್ಲಿ ಸ್ಮಾರಕಗಳು ಎದ್ದವು. ಗ್ರೀಸ್ ಫಿಯೋರ್ಡಿನಲ್ಲಿ ಲೂಟಿ ಪಿಜಮಿನಿ ಕೆತ್ತಿದ ಒಬ್ಬ ತಾಯಿ, ಪುಟ್ಟ ಮಗ, ನಾಯಿ. ತಾಯಿಯ ದೃಷ್ಟಿ ರೆಸೊಲ್ಯೂಟ್ ಕಡೆಗಿದೆ. ರೆಸೊಲ್ಯೂಟ್‌ನಲ್ಲಿ ಸಿಮಿಯೋನಿ ಅಮಗೋಅಲಿಕ್ ಕೆತ್ತಿದ ಗಂಡಸು ಒಂಟಿಯಾಗಿ ನಿಂತು ಗ್ರೀಸ್ ಫಿಯೋರ್ಡ್ ಕಡೆ ನೋಡುತ್ತಿದ್ದಾನೆ.