ಸುಟ್ಟ ಎಂಜಿನ್ನು: ರಿಪೇರಿಯೋ, ಬೇರೆಯದೋ?

ನಮ್ಮದು ಮಾಗಡಿ ತಾಲೂಕಿನ ಖುಷ್ಕಿ ಜಮೀನು. ರಾಗಿ, ಅವರೆ, ಹುರುಳಿ, ಒಂದಷ್ಟು ಬಾದಾಮಿ ಮಾವಿನ ಮರ. ಮಗ ಹಟ ಹಿಡಿದ ಅಂತ ಒಂದು ಹಳೇ ಡೀಸೆಲ್ ಪಿಕಪ್ ಗಾಡಿ ತಗೊಂಡೆವು. ನಮ್ಮ ಮಾವು, ಅಕ್ಕಪಕ್ಕದವರ ರೇಷ್ಮೆಗೂಡು, ಎಲ್ಲಾ ಅದರಲ್ಲೇ ರಾಮನಗರಕ್ಕೆ ಹೋಗುತ್ತಿತ್ತು.

2023ರ ಮೇ ತಿಂಗಳಲ್ಲಿ ಮಾವು ತುಂಬಿಕೊಂಡು ಹೊರಟಾಗ ದಾರಿಯ ಏರಿನಲ್ಲಿ ಹೀಟ್ ಮುಳ್ಳು ಕೆಂಪಿಗೆ ಹೋಯಿತು. ಇನ್ನು ನಾಲ್ಕು ಕಿಲೋಮೀಟರ್ ತಾನೆ ಅಂತ ಮಗ ಓಡಿಸಿದ. ಪಕ್ಕದಲ್ಲಿ ಕೂತಿದ್ದ ನಾನೂ ಬೇಡ ಅನ್ನಲಿಲ್ಲ. ಗಾಡಿ ತಾನಾಗೇ ನಿಂತಿತು. ಸೇರಿದ ಜನ ನೀರು ಹುಯ್ಯಿರಿ ಅಂದರು, ನಾವೂ ಒಂದು ಕೊಡ ತಣ್ಣೀರು ಹುಯ್ದೆವು. ಓಡಿಸಿದ್ದು ಒಂದು ತಪ್ಪು, ಇದು ಅದಕ್ಕಿಂತ ದೊಡ್ಡದು. ಕಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಹೆಡ್ಡು ಸೀಳುತ್ತೆ, ಇಲ್ಲವೇ ಸೊಟ್ಟಗಾಗುತ್ತೆ. ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಮುಟ್ಟಿದರೆ ಕೈ ತಾಳುವಷ್ಟು ಆರುವವರೆಗೆ ಸುಮ್ಮನೆ ಕೂರಬೇಕಿತ್ತು. ಕಾದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಲೇಬೇಡಿ, ಕುದಿನೀರು ಮುಖಕ್ಕೆ ಹಾರುತ್ತೆ.

ಗಾಡಿ ಎಳೆಸಿಕೊಂಡು ಹೋದ ಮೊದಲ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿದವನೇ, "ಎಂಜಿನ್ ಹೋಯ್ತು ಕಣಣ್ಣ, ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸೋಣ, 55 ಸಾವಿರ" ಅಂದ. ಇನ್ನೊಬ್ಬ ಪೂರ್ತಿ ಬೋರ್ ಕೆಲಸ ಮಾಡಿಸಿದರೆ 70 ಸಾವಿರ ಅಂದ. ಗಾಡಿ ಮಾರಿದರೇ ಒಂದೂವರೆ ಲಕ್ಷ ಬರೋದು ಕಷ್ಟ. ಮನೆಯಲ್ಲಿ ಆಗಲೇ ಯಾವ ಕುರಿ ಮಾರೋದು ಅನ್ನೋ ಮಾತು ಶುರುವಾಗಿತ್ತು. ಮೂರನೆಯವರು ವಯಸ್ಸಾದ ಮೆಕ್ಯಾನಿಕ್. ಅವರು ರೇಟೇ ಹೇಳಲಿಲ್ಲ. "ಬಿಚ್ಚದೆ ನಾನೇನು ಹೇಳಲಿ ಗೌಡ್ರೆ? ಎತ್ತು ಕುಂಟಿದರೆ ಮೊದಲು ಗೊರಸು ಎತ್ತಿ ನೋಡ್ತೀರೋ, ಸಂತೆಗೆ ಹೊಡೀತೀರೋ?" ಅಂದರು. ಬಿಚ್ಚಿ ನೋಡುವ ಕೂಲಿ ಬೇರೆ ಕೊಡುವುದು ಅಂತ ಮಾತಾಯಿತು. ಆ ಕೂಲಿಗೆ ಹಿಂದೆಮುಂದೆ ನೋಡಬೇಡಿ.

ಬಿಚ್ಚುವ ಮುಂಚೆಯೇ ನಾವು ನೋಡಬಹುದಾದ ಗುರುತುಗಳಿವೆ. ಆಯಿಲ್ ಕಡ್ಡಿ ಎಳೆದಾಗ ಆಯಿಲ್ ಹಾಲು ಹಾಕಿದ ಟೀ ಥರ ಇದ್ದರೆ ನೀರು ಸೇರಿದೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಮೇಲೆ ಅನುಮಾನ. ಇವೆಲ್ಲ ಎಂಜಿನ್ನಿನ ಮೇಲರ್ಧದ ಕಾಯಿಲೆ, ಬಹಳ ಸಲ ವಾಸಿಯಾಗುತ್ತೆ. ನೀಲಿ ಹೊಗೆ ಅಂದರೆ ಆಯಿಲ್ ಉರೀತಿದೆ, ರಿಂಗು ಬೋರು ಸವೆದಿರಬಹುದು. ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ್ ಟಕ್ ಸದ್ದು ಬಂದರೆ ಬೇರಿಂಗ್ ಹೋಗಿದೆ. ಆಗ ಒಂದು ಮಾರೂ ಓಡಿಸಬೇಡಿ. ರಾಡು ಕಿತ್ತು ಬ್ಲಾಕಿಗೆ ತೂತು ಬಿದ್ದರೆ ಆಮೇಲೆ ರಿಪೇರಿಯ ಮಾತೇ ಇಲ್ಲ.

ನಮ್ಮದನ್ನು ಬಿಚ್ಚಿದಾಗ ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಸುಟ್ಟಿತ್ತು. ಹೆಡ್ಡಿನ ಮೇಲೆ ನೆಟ್ಟಗಿನ ಉಕ್ಕಿನ ಪಟ್ಟಿ ಇಟ್ಟು ಕೆಳಗೆ ತೆಳು ತಗಡಿನ ಗೇಜು ತೂರಿಸಿದರು. ಸೊಟ್ಟಗಾಗಿದ್ದು ನಮ್ಮ ಕಣ್ಣಿಗೇ ಕಂಡಿತು. ಲೇತಿನವರ ಹತ್ತಿರ ಒತ್ತಡ ಕೊಟ್ಟು ಸೀಳಿದೆಯಾ ಅಂತ ನೋಡಿಸಿದೆವು, ಸೀಳಿರಲಿಲ್ಲ. ಹೆಡ್ಡು ಕೆರೆಸಿ ಸಮ ಮಾಡಿಸಬಹುದು, ಆದರೆ ಡೀಸೆಲ್ ಎಂಜಿನ್ನಿನದನ್ನು ಬೇಕಾದಷ್ಟು ಕೆರೆಯುವ ಹಾಗಿಲ್ಲ. ಜಾಸ್ತಿ ಕೆರೆದರೆ ವಾಲ್ವು ಪಿಸ್ಟನ್‌ಗೆ ತಗಲುತ್ತೆ. ಹಿಂದೆ ಎಷ್ಟು ಸಲ ಕೆರೆಸಿದ್ದಾರೆ ಅಂತ ಅಳೆದು ನೋಡಲು ಹೇಳಿ. ಬೋರಿನ ಒಳಗೆ ಕಂಪನಿಯ ಅಡ್ಡಗೆರೆ ಇನ್ನೂ ಕಾಣುತ್ತಿತ್ತು, ಬೆರಳುಗುರಿಗೆ ಗೀರು ಸಿಗಲಿಲ್ಲ. ಕೆಳಗಿನ ಬೇರಿಂಗೂ ಸರಿಯಿತ್ತು. ಹೆಡ್ ಕೆಲಸ, ಗ್ಯಾಸ್ಕೆಟ್, ರಿಂಗು, ಕೂಲಿ ಎಲ್ಲಾ ಸೇರಿ 24 ಸಾವಿರ ಆಯಿತು. ಮೊದಲನೆಯವನ ಮಾತು ಕೇಳಿದ್ದರೆ ಎರಡರಷ್ಟು ಮೀರುತ್ತಿತ್ತು.

ಆದರೆ ಅಸಲು ಕಳ್ಳ ಸಿಕ್ಕಿದ್ದು ರೇಡಿಯೇಟರಿನಲ್ಲಿ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುತ್ತೆ. ಅದೇ ನೀರನ್ನು ರೇಡಿಯೇಟರಿಗೆ ತುಂಬುತ್ತಿದ್ದೆವು. ಒಳಗಿನ ಕೊಳವೆ ಅರ್ಧಕ್ಕರ್ಧ ಕಟ್ಟಿಕೊಂಡಿತ್ತು. ಇದನ್ನು ಬಿಟ್ಟು ಹೊಸ ಎಂಜಿನ್ನೇ ಕೂರಿಸಿದ್ದರೂ ಮತ್ತೆ ಸುಡುತ್ತಿತ್ತು. ಕನಕಪುರದ ಕಡೆಯ ನಮ್ಮ ಬಾಮೈದನಿಗೆ ಹಾಗೇ ಆಯಿತು. ಅವನ ಗಾಡಿಯ ಬ್ಲಾಕೇ ಒಡೆದಿತ್ತು, ಬೇರೆ ಎಂಜಿನ್ ಹಾಕಿಸಿದ್ದು ಸರಿಯೇ. ಆದರೆ ರೇಡಿಯೇಟರ್, ವಾಟರ್ ಪಂಪು, ಥರ್ಮೋಸ್ಟಾಟ್ ಹಳೆಯದೇ ಬಿಟ್ಟ. ಮೂರೇ ತಿಂಗಳಿಗೆ ಮತ್ತೆ ಹೀಟು.

ಅವನಿಗೆ ಇನ್ನೊಂದು ಪೆಟ್ಟೂ ಬಿತ್ತು. ಎಂಜಿನ್ ನಂಬರ್ ಆರ್.ಸಿ.ಯಲ್ಲಿ ಇರುತ್ತೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಎಂಜಿನ್ ಬದಲಾಯಿಸಿದರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಸಬೇಕು. ಇವನು ಬರೆಸಲಿಲ್ಲ, ಗುಜರಿಯವನಿಂದ ಬಿಲ್ಲೂ ತಗೊಂಡಿರಲಿಲ್ಲ. ಎಫ್.ಸಿ.ಗೆ ಹೋದಾಗ ನಂಬರ್ ತಾಳೆಯಾಗದೆ ಗಾಡಿ ನಿಂತಿತು. ಎಂಜಿನ್ ಯಾವ ಗಾಡಿಯದು, ಕದ್ದದ್ದೋ ಏನೋ, ಯಾರಿಗೆ ಗೊತ್ತು? ಹಳೇ ಎಂಜಿನ್ ಕೊಳ್ಳುವವರು ನಂಬರ್ ಬರೆದ ಬಿಲ್ಲು ಇಲ್ಲದೆ ದುಡ್ಡು ಕೊಡಬೇಡಿ. ಆದರೆ ಅಲ್ಲೇ ಸ್ಟಾರ್ಟ್ ಮಾಡಿಸಿ, ಅದೂ ತಣ್ಣಗಿದ್ದಾಗ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ. ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ, ಲೋಹದ ಪುಡಿ ಹೊಳೆದರೆ ಬಿಟ್ಟು ಬನ್ನಿ.

ಹಾಗಾದರೆ ಬದಲಾಯಿಸುವುದು ಯಾವಾಗ? ಬ್ಲಾಕು ಒಡೆದಿದ್ದರೆ, ಬೋರು ಹಿಂದೆಯೇ ಕೊನೆಯ ಸೈಜಿಗೆ ಹೋಗಿದ್ದರೆ, ಕ್ರ್ಯಾಂಕು ಮತ್ತೆ ಗ್ರೈಂಡಿಂಗಿಗೆ ಬರದಿದ್ದರೆ, ಸಾಮಾನೇ ಸಿಗದಿದ್ದರೆ. ರಿಪೇರಿ ಖರ್ಚು ಗಾಡಿ ಬೆಲೆಯ ಅರ್ಧ ದಾಟಿದರೆ ಗಾಡಿಯನ್ನೇ ಕೊಟ್ಟುಬಿಡುವುದು ವಾಸಿ ಅಂತ ನನ್ನ ಲೆಕ್ಕ. ಮಗ ಒಪ್ಪುವುದಿಲ್ಲ. ಷಾಸಿ, ಗೇರುಬಾಕ್ಸು ಗಟ್ಟಿಯಿದ್ದರೆ ಎಂಜಿನ್ನಿಗೆ ಹಾಕಿದ ದುಡ್ಡು ದುಡಿದು ಬರುತ್ತೆ ಅಂತಾನೆ. ಅದರಲ್ಲೂ ನಿಜ ಇದೆ. ದಿನವನ್ನೂ ಲೆಕ್ಕ ಹಾಕಬೇಕು. ನಮ್ಮ ರಿಪೇರಿಗೆ 11 ದಿನ ಹಿಡಿಯಿತು. ಅಷ್ಟರಲ್ಲಿ ನಾಲ್ಕು ಸಲ ಬಾಡಿಗೆ ಗಾಡಿ ಮಾಡಿದೆವು. ಮಾವಾದರೆ ಒಂದು ದಿನ ಕಾದೀತು, ಗೂಡು ಕಾಯಲ್ಲ, ಚಿಟ್ಟೆ ಹೊರಗೆ ಬರುತ್ತೆ.

ಈಗ ರೇಡಿಯೇಟರಿಗೆ ಬ್ಯಾಟರಿ ನೀರಿನ ಜೊತೆ ಕೂಲೆಂಟ್ ಬೆರೆಸಿ ಹಾಕುತ್ತಿದ್ದೇವೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ನೀರು, ಆಯಿಲ್ ನೋಡುವುದು ನನ್ನ ಕೆಲಸ. ಗಾಡಿ ಸ್ವಲ್ಪ ಆಯಿಲ್ ಕುಡಿಯುತ್ತೆ, ಸಾವಿರ ಕಿಲೋಮೀಟರಿಗೆ ಕಾಲು ಲೀಟರ್. ಅದು ಅರ್ಧ ಲೀಟರಿಗೆ ಬಂದರೆ ಬಿಚ್ಚಿಸೋಣ ಅಂತ ಮೆಕ್ಯಾನಿಕ್ ಹೇಳಿದ್ದಾರೆ.