ಐವತ್ತು ದಾಟಿದ ಗಾಡಿಗೆ ಯಾವ ನೋಂದಣಿ?

ನಮ್ಮ ಶಾಲೆಯ ಎಂಟನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಶನಿವಾರದ ಬೆಳಗಿನ ಶಾಲೆಗೆ ತನ್ನ ಅಜ್ಜನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಬರುತ್ತಾಳೆ. ಆ ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಅದರ ಸದ್ದು ನಮಗೆ ಕೇಳಿಸುತ್ತದೆ. ಅದು ಜಾವಾ. ಚೆಕೊಸ್ಲೊವಾಕಿಯದ ಕಂಪನಿಯ ಪರವಾನಗಿ ಪಡೆದು, ಐಡಿಯಲ್ ಜಾವಾ ಎಂಬ ಸಂಸ್ಥೆಯು 1961ರಿಂದ ನಮ್ಮ ಮೈಸೂರಿನಲ್ಲಿ ಈ ಗಾಡಿಗಳನ್ನು ತಯಾರಿಸುತ್ತಿದ್ದಿತು. ಮುಂದೆ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ವಿಜಯಪುರದ ಕಡೆಯಿಂದ ಬಂದು ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದ ಈ ಅಜ್ಜನವರು 1972ರಲ್ಲಿ ತಮ್ಮ ಮೊದಲ ಉಳಿತಾಯದ ಹಣದಿಂದ ಅದನ್ನು ಕೊಂಡು, ಪುಣೆಯಲ್ಲಿಯೇ ನೋಂದಣಿ ಮಾಡಿಸಿದರು. ಗಾಡಿಯೂ ಕನ್ನಡ ನಾಡಿನದು, ಸವಾರರೂ ಕನ್ನಡ ನಾಡಿನವರು. ಇಬ್ಬರೂ ಪುಣೆಯಲ್ಲಿ ಮುಪ್ಪಾದರು.

ಕಳೆದ ವರುಷ ಅದರ ನೋಂದಣಿಯ ಅವಧಿ ಮುಗಿಯುತ್ತ ಬಂದಾಗ ಮನೆಯಲ್ಲಿ ಚರ್ಚೆ ಎದ್ದಿತು. ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬೇಕೆಂಬುದು ಮಗನ ಅಭಿಪ್ರಾಯ. ಅಜ್ಜನವರಿಗೆ ಅದು ಒಪ್ಪಿಗೆಯಿರಲಿಲ್ಲ. ನಿಯಮದಲ್ಲಿ ಏನಿದೆಯೆಂದು ಓದಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಮಗೆ ರಾಜಪತ್ರದ ಇಂಗ್ಲಿಷು ಸುಲಭದ ತುತ್ತಲ್ಲ. ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಎರಡು ಸಂಜೆ ಕುಳಿತೆವು. ನಿಮ್ಮಲ್ಲಿ ಹಲವರ ಮನೆಯಂಗಳದಲ್ಲಿಯೂ ಹಳೆಯ ಸ್ಕೂಟರುಗಳು ನಿಂತಿರುವುದರಿಂದ, ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇವೆ.

ಕೇಂದ್ರ ಸರಕಾರವು 2021ರ ಜುಲೈ ತಿಂಗಳಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ವಿಂಟೇಜ್ ವಾಹನಗಳಿಗೆ ಬೇರೆಯೇ ಒಂದು ನೋಂದಣಿಯನ್ನು ಏರ್ಪಡಿಸಿತು. ಮೊದಲ ನೋಂದಣಿಯಾಗಿ 50 ವರುಷಗಳು ಕಳೆದಿರುವ, ಬಾಡಿಗೆಗೆ ಓಡದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು ಇದಕ್ಕೆ ಅರ್ಹವಾಗಿವೆ. ವಯಸ್ಸೊಂದೇ ಸಾಲದು. ಗಾಡಿ ತನ್ನ ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಹೊರಮೈ, ಇಂಜಿನ್ನು ಇವುಗಳಲ್ಲಿ ಮಾರ್ಪಾಟು ಆಗಿರಕೂಡದು. ಹಳೆಯ ಜಾವಾದ ಇಂಜಿನ್ನು ಕೆಟ್ಟಾಗ ಯೆಜ್ಡಿಯ ಇಂಜಿನ್ನನ್ನು ಕೂರಿಸಿಕೊಂಡು ಓಡಿಸಿದವರಿದ್ದಾರೆ. ಗಾಡಿ ಓಡುತ್ತದೆ, ಅನುಮಾನವಿಲ್ಲ. ಆದರೆ ಈ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗದು. ನಾವು ಅಜ್ಜನವರ ಗಾಡಿಯ ಪಕ್ಕದಲ್ಲಿ ಮೊಣಕಾಲೂರಿ, ಎಣ್ಣೆಯ ಜಿಡ್ಡನ್ನು ಒರೆಸಿ, ಇಂಜಿನ್ನಿನ ಮೇಲಿನ ಸಂಖ್ಯೆಯನ್ನು ಆರ್‌ಸಿ ಪುಸ್ತಕದೊಡನೆ ತಾಳೆ ನೋಡಿದೆವು. ಮೊಮ್ಮಗಳು ಪುಸ್ತಕದಿಂದ ಒಂದೊಂದೇ ಅಂಕಿಯನ್ನು ಓದಿದಳು. ಎಲ್ಲವೂ ಸರಿಹೊಂದಿದವು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಿಚಿ ಗೇರು ಹಾಕುವ ಜಾವಾದ ವಿಚಿತ್ರ ಏರ್ಪಾಡು ಕೂಡ ಹಾಗೆಯೇ ಇದ್ದಿತು. ಆದುದರಿಂದ ಅರ್ಹತೆಯ ವಿಷಯದಲ್ಲಿ ತಕರಾರಿರಲಿಲ್ಲ.

ವಿಂಟೇಜ್ ಎಂದೊಡನೆ ವಿಶೇಷವಾದ ನಂಬರ್ ಪ್ಲೇಟು ದೊರೆಯುವುದೆಂದು ಹಲವರು ಎಣಿಸಿದ್ದಾರೆ. ಅದು ಅರ್ಧ ಮಾತ್ರ ನಿಜ. ಹೊಸದಾಗಿ ನೋಂದಣಿಯಾಗುವ ವಿಂಟೇಜ್ ವಾಹನಕ್ಕೆ ರಾಜ್ಯದ ಅಕ್ಷರಗಳಾದ ಮೇಲೆ 'ವಿಎ' ಎಂಬೆರಡು ಅಕ್ಷರಗಳು ಬರುತ್ತವೆ. ನಮ್ಮಲ್ಲಾದರೆ 'ಎಂಎಚ್ ವಿಎ', ಆಮೇಲೆ ಇನ್ನೆರಡು ಅಕ್ಷರಗಳು, ನಾಲ್ಕು ಅಂಕಿಗಳು. ಈಗಾಗಲೇ ನೋಂದಣಿಯಾಗಿರುವ ವಾಹನವಾದರೋ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇಂದು ನಾವು ಕಾಣುವ 'ಎಂಎಚ್ 12' ಎಂಬ ರೀತಿ ಬಂದುದು 1989ರ ಸುಮಾರಿಗೆ. ಅದಕ್ಕೆ ಹಿಂದಿನ ಸಂಖ್ಯೆಗಳಲ್ಲಿ ಮೂರು ಅಕ್ಷರಗಳೂ ಅವುಗಳ ಮುಂದೆ ಅಂಕಿಗಳೂ ಇರುತ್ತಿದ್ದವು. ಅಂತಹ ಸಂಖ್ಯೆಯೇ ಗಾಡಿಯ ವಯಸ್ಸಿಗೆ ಸಾಕ್ಷಿ. ನಮ್ಮನ್ನು ಕೇಳಿದರೆ, ಅದನ್ನು ಬಿಟ್ಟು ವಿಎ ಅಕ್ಷರಗಳಿಗೆ ಆಸೆಪಡುವುದು ಜಾಣತನವಲ್ಲ.

ಇನ್ನು ಖರ್ಚಿನ ಮಾತು. ವಿಂಟೇಜ್ ನೋಂದಣಿಗೆ ಹೊಸದಾದರೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅದು 10 ವರುಷ ಸಿಂಧುವಾಗಿರುತ್ತದೆ. ಸಾಮಾನ್ಯ ನೋಂದಣಿಯನ್ನು ಮೊದಲ 15 ವರುಷಗಳ ನಂತರ ಐದೈದು ವರುಷಕ್ಕೊಮ್ಮೆ ನವೀಕರಿಸಬೇಕು. 20 ವರುಷ ದಾಟಿದ ಮೋಟಾರ್ ಸೈಕಲ್ಲಿಗೆ ಇದರ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಿದರು. ಇದಲ್ಲದೆ ಮಹಾರಾಷ್ಟ್ರದಲ್ಲಿ ಹಳೆಯ ವಾಹನಗಳ ಮೇಲೆ ಪರಿಸರ ತೆರಿಗೆ ಉಂಟು, ಪ್ರತಿಸಲವೂ ಗಾಡಿಯ ತಪಾಸಣೆ ಉಂಟು.

ಆದರೆ ಆ ಮನೆಯ ಜಗಳ ಹಣದ್ದಾಗಿರಲಿಲ್ಲ. ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲು ತುಂಬಿಸಲು, ದುರಸ್ತಿಗೆ ಒಯ್ಯಲು ಮಾತ್ರ ಅದು ರಸ್ತೆಗೆ ಇಳಿಯಬಹುದು. ಈ ವಾಕ್ಯವನ್ನು ನಾವು ಓದಿ ಹೇಳಿದಾಗ ಅಜ್ಜನವರು ಕೇಳಿದರು: "ಹಂಗಾದ್ರ ಮಾಸ್ತರ, ಶನಿವಾರ ಕೂಸಿನ್ನ ಸಾಲಿಗೆ ಬಿಡೂದು?"

ಅದು ಆಗದು ಎಂದೆವು. ಶಾಲೆಯು ಪ್ರದರ್ಶನವೂ ಅಲ್ಲ, ರ‍್ಯಾಲಿಯೂ ಅಲ್ಲ.

ಮಗನ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ದೆಹಲಿ ಪ್ರದೇಶದಲ್ಲಿ 15 ವರುಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಬಂದ ನಿರ್ಬಂಧದ ಸುದ್ದಿಯನ್ನು ಅವರು ಓದಿದ್ದರು. ನಾಳೆ ಇಲ್ಲಿಯೂ ಗಾಡಿಯನ್ನು ಗುಜರಿಗೆ ಕಳಿಸೆಂದರೆ ಏನು ಗತಿ ಎಂಬುದು ಅವರ ಅಂಜಿಕೆ. ಆ ನಿರ್ಬಂಧ ದೆಹಲಿಯ ಸುತ್ತಲಿನದು, ಪುಣೆಯದಲ್ಲ ಎಂದು ನಾವು ತಿಳಿಸಿದೆವು. ಅವರ ಎರಡನೆಯ ಮಾತು ಹೆಚ್ಚು ತೂಕದ್ದು: ನಿತ್ಯ ಓಡಿಸಿದರೆ ಗಾಡಿ ಸವೆಯುತ್ತದೆ, ಒಂದು ದಿನ ಮೂಲ ಇಂಜಿನ್ನು ಕೈಕೊಟ್ಟು ಬೇರೊಂದನ್ನು ಕೂರಿಸಬೇಕಾಗಿ ಬಂದರೆ ವಿಂಟೇಜಿನ ಅರ್ಹತೆಯೇ ಹೋಗುತ್ತದೆ. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಜರ್ಮನಿಯಲ್ಲಿ ಇಂತಹ ಇಕ್ಕಟ್ಟಿಲ್ಲ. ಅಲ್ಲಿ 30 ವರುಷ ದಾಟಿ ಮೂಲಸ್ಥಿತಿಯಲ್ಲಿರುವ ವಾಹನಕ್ಕೆ ಸಂಖ್ಯೆಯ ಕೊನೆಯಲ್ಲಿ 'ಎಚ್' ಅಕ್ಷರ ಕೊಡುತ್ತಾರೆ. 'ಐತಿಹಾಸಿಕ' ಎಂಬ ಅರ್ಥದ ಅವರ ಮಾತಿನ ಮೊದಲಕ್ಷರ ಅದು. ಆ ಗೌರವ ಪಡೆದ ಮೇಲೆಯೂ ಗಾಡಿಯನ್ನು ದಿನವೂ ಓಡಿಸಬಹುದು. ನಮ್ಮ ನಿಯಮವೂ ಎಂದಾದರೊಮ್ಮೆ ಇಷ್ಟು ಸಡಿಲವಾದರೆ ಅಜ್ಜಂದಿರಿಗೂ ಮೊಮ್ಮಕ್ಕಳಿಗೂ ಅನುಕೂಲವಾದೀತು.

ಕೊನೆಗೆ ಅಜ್ಜನವರು ಸಾಮಾನ್ಯ ನೋಂದಣಿಯನ್ನೇ ಐದು ವರುಷಕ್ಕೆ ನವೀಕರಿಸಿದರು. ಮೊಮ್ಮಗಳು ಶಾಲೆ ಮುಗಿಸಿದ ಮೇಲೆ ವಿಂಟೇಜಿನ ವಿಚಾರ ಮಾಡೋಣ ಎಂದು ಮಗನಿಗೆ ಹೇಳಿದ್ದಾರೆ. ಮಗ ಅರೆಮನಸ್ಸಿನಿಂದ ಒಪ್ಪಿ, ಮಳೆಗಾಲದಲ್ಲಿ ಗಾಡಿ ತೆಗೆಯಕೂಡದೆಂಬ ಕರಾರು ಹಾಕಿದ್ದಾರೆ.

ನಿಮ್ಮ ಮನೆಯಲ್ಲಿ ನಮ್ಮ ಆಕುರ್ಡಿಯ ಬಜಾಜ್ ಚೇತಕ್ ಇದ್ದರೆ ಲೆಕ್ಕ ಹಾಕಿ ನೋಡಿರಿ. ಚೇತಕ್ ಬಂದುದು 1972ರಲ್ಲಿ. ಮೊದಮೊದಲಿನ ಗಾಡಿಗಳು 2022ರಲ್ಲಿಯೇ ಐವತ್ತನ್ನು ಮುಟ್ಟಿದವು. ಮೂಲೆಯಲ್ಲಿ ನಿಂತು, ವರುಷಕ್ಕೊಮ್ಮೆ ದಸರೆಯ ಪೂಜೆಗೆ ಮಾತ್ರ ಹೊರಬರುವ ಗಾಡಿಗೆ ವಿಂಟೇಜ್ ನೋಂದಣಿಯೇ ತಕ್ಕುದು. ಅದರಿಂದ ಯಾರ ಓಡಾಟವೂ ನಿಲ್ಲುವುದಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿದರೂ ವಿಮೆ ಬೇಕು, ಹಳೆಯ ಆರ್‌ಸಿ ಪುಸ್ತಕ ಬೇಕು. ಪುಸ್ತಕವನ್ನು ಈಗಲೇ ಹುಡುಕಿಡುವಂತೆ ಮನೆಯ ಹಿರಿಯರಿಗೆ ಹೇಳಿರಿ. ನಮ್ಮ ಅಜ್ಜನವರ ಪುಸ್ತಕ ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ಅವರ ಲಗ್ನಪತ್ರಿಕೆಯ ಜೊತೆಯಲ್ಲಿ.